ಪರದೆಯ ಹಿಂದೆ ಶಕ್ತಿಯ ರೂಪಗಳು

ಅಬ್ಬಾ ತೀರಿಕೊಂಡಾಗ ನಮ್ಮ ಖಾನಾಪುರದ ಮನೆಯಲ್ಲಿ ಮನೆಯವರು ಯಾರೂ ಅಳಲಿಲ್ಲ. ಅತ್ತವರೆಲ್ಲ ಹೊರಗಿನಿಂದ ಬಂದವರು. ಅತ್ತು, ಚಹಾ ಕುಡಿದು, ಬಸ್ಸು ತಪ್ಪೀತೆಂದು ಎದ್ದುಹೋದರು. ದಾದಿ, ಅಂದರೆ ಅಬ್ಬಾನ ತಾಯಿ, ಪಡಸಾಲೆಯಲ್ಲಿ ಗಾದಿ ಹೊಲಿಯುತ್ತ ಕೂತಳು. ಅಮ್ಮ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಳು. ನಾನು ಅವರಿಬ್ಬರ ನಡುವಿನ ಹೊಸ್ತಿಲ ಮೇಲೆ ಕೂತು, ಯಾರು ಏನು ಕೇಳಿದರೂ ತಂದುಕೊಡುತ್ತಿದ್ದೆ. ಆಗ ನಿನಗೆ ದುಃಖವಾಗಿತ್ತೇ ಎಂದು ಯಾರಾದರೂ ಕೇಳಿದರೆ, ಏನೂ ಆಗಿರಲಿಲ್ಲ ಎಂದೇ ಹೇಳಬೇಕು. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಇಡೀ ಮೈಗೆ ಹಾಗೆ ಹಿಡಿದಿತ್ತು. ಒಂದು ದಿನ ದಾದಿ ಬೇಳೆಗೆ ಉಪ್ಪು ಹಾಕುವುದನ್ನೇ ಮರೆತಳು. ಮೂವರೂ ಉಂಡೆವು. ರಾತ್ರಿ ಪಾತ್ರೆ ತಿಕ್ಕುವಾಗ ದಾದಿ ಉಪ್ಪಿನ ಡಬ್ಬಿ ತೆರೆದೇ ಇಲ್ಲವೆಂದು ನೋಡಿದಳು, ಮುಚ್ಚಳವನ್ನು ಇನ್ನೊಮ್ಮೆ ಒತ್ತಿ ಮುಚ್ಚಿ ಹಾಗೆಯೇ ಇಟ್ಟಳು.

ಅದು ನಿಜಕ್ಕೂ ನಾವು ವಾಸ ಮಾಡುವ ಮನೆಯಾಗಿರಲಿಲ್ಲ. ನಾವಿದ್ದದ್ದು ಬೆಳಗಾವಿಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ, ಒಂದು ಹಳೆಯ ಬಂಗಲೆಯ ಹಿತ್ತಲಿನ ಬಾಡಿಗೆ ಖೋಲಿಯಲ್ಲಿ. ಅಬ್ಬಾ ಛಾಪಖಾನೆಯಲ್ಲಿ ಸೀಸದ ಅಕ್ಷರ ಜೋಡಿಸುವ ಕೆಲಸ ಮಾಡುತ್ತಿದ್ದರು. ಮನೆಗೆ ಬಂದರೆ ಅವರ ಬೆರಳು ಕರ್ರಗೆ, ಮಾತು ಬಿಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿದ್ದ ಅಮ್ಮನನ್ನು ಹಟ ಹಿಡಿದು ಶಿಕ್ಷಕಿಯರ ತರಬೇತಿ ಶಾಲೆಗೆ ಸೇರಿಸಿದ್ದೂ ಅವರೇ. ಇನ್ನೂ ತರಬೇತಿ ಮುಗಿಯುವ ಮೊದಲೇ ಅವಳನ್ನು ‘ಬಾಯಾರ’ ಎಂದು ಕರೆಯುತ್ತಿದ್ದರು, ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರನ್ನು ಕರೆಯುವ ಹಾಗೆ. ‘ಬಾಯಾರ, ಚಹಾ ಸಿಗ್ತೈತೇನ್ರಿ?’ ಎಂದರೆ ಅಮ್ಮ ಮುಖ ತಿರುಗಿಸಿ ನಗುತ್ತಿದ್ದಳು. ರಜೆಗೆಂದು ಖಾನಾಪುರಕ್ಕೆ ಬಂದಾಗ ಅವರಿಗೆ ಕಾಮಾಲೆ ಆಯಿತು. ಜಾಂಬೋಟಿ ಕಡೆಯಿಂದ ಯಾರೋ ಸೊಪ್ಪಿನ ಔಷಧ ತಂದರು. ಆಮೇಲೆ ಆಸ್ಪತ್ರೆ ಎಂದರು. ಅಷ್ಟರಲ್ಲಿ ಮುಗಿದಿತ್ತು.

ಗಂಡ ತೀರಿದ ಹೆಂಗಸು ನಮ್ಮಲ್ಲಿ ಇದ್ದತ್ ಕೂರಬೇಕು. ನಾಲ್ಕು ತಿಂಗಳ ಮೇಲೆ ಕೆಲವು ದಿನ, ಗಂಡ ತೀರಿದಾಗ ಇದ್ದ ಮನೆಯಲ್ಲೇ, ಬಳೆಯಿಲ್ಲದೆ ಬಣ್ಣವಿಲ್ಲದೆ, ಹೊರಗಿನ ಗಂಡಸರ ಕಣ್ಣಿಗೆ ಬೀಳದೆ. ಅಮ್ಮನ ಪಾಲಿಗೆ ಆ ಮನೆ ಖಾನಾಪುರದ್ದೆಂದು ಗೊತ್ತಾಯಿತು. ಅಲ್ಲಿ ಮುಂದೆ ಪಡಸಾಲೆ, ಒಳಗೆ ನಡುಮನೆ, ಹಿಂದೆ ಅಡಿಗೆಮನೆ. ದಾದಾ, ಅಬ್ಬಾನ ತಂದೆ, ಇದ್ದಾಗ ಪಡಸಾಲೆಯಲ್ಲಿ ಹತ್ತಿ ಹಿಂಜುತ್ತಿದ್ದರಂತೆ. ಅವರ ಹಿಂಜುವ ಬಿಲ್ಲು ಇನ್ನೂ ಗೋಡೆಗೆ ತೂಗುತ್ತಿತ್ತು, ನನಗಿಂತ ಉದ್ದ, ಬಿಗಿದ ನರದ ಹೆದೆ. ಅವರಾದ ಮೇಲೆ ದಾದಿ ಬಜಾರಿನ ಮಷಿನ್ನಿನಲ್ಲಿ ಹತ್ತಿ ಹಿಂಜಿಸಿ ತಂದು ಗಾದಿ, ಲೋಡು, ತಲೆದಿಂಬು ಹೊಲಿಯುತ್ತಿದ್ದಳು. ಅನ್ನದಲ್ಲೂ ಅರಳೆ, ಕೂದಲಲ್ಲೂ ಅರಳೆ. ಓಣಿಯ ಉಳಿದ ಮುಸಲ್ಮಾನರ ಮನೆಗಳಲ್ಲಿ ದಖ್ಖನಿ, ಎದುರು ಸಾಲಿನಲ್ಲಿ ಮರಾಠಿ, ಹತ್ತಿ ಹಿಂಜುವ ನಮ್ಮ ಮನೆಯೊಳಗೆ ಮಾತ್ರ ಕನ್ನಡ. ಹೀಗಾಗಿ ದಾದಿಗೆ ಮೂರು ಭಾಷೆಯಲ್ಲಿ ಜಗಳ ಬರುತ್ತಿತ್ತು, ಸಮಾಧಾನ ಒಂದರಲ್ಲೂ ಬರುತ್ತಿರಲಿಲ್ಲ.

ನನ್ನ ಹೆಸರನ್ನು ಕ್ಯಾಂಪಿನ ಸಾಲಿಯಿಂದ ತೆಗೆಸಿ ಖಾನಾಪುರದ ಕನ್ನಡ ಸಾಲಿಗೆ, ಆರನೇ ಇಯತ್ತೆಗೆ ಹಾಕಿದರು. ಒಂದು ಮಧ್ಯಾಹ್ನ ಸಾಲಿಯಿಂದ ಬಂದು ಪಾಟಿಚೀಲ ಇಡುತ್ತಿದ್ದೆ. ದಿನಗಟ್ಟಲೆ ಹೂಂ, ಊಹೂಂ ಬಿಟ್ಟರೆ ಮಾತಿಲ್ಲದ ಅಮ್ಮ ಗೋಡೆಯಿಂದ ಬೆನ್ನು ತೆಗೆದು ನೆಟ್ಟಗೆ ಕೂತಳು.

“ಜುಲ್ಲಿ, ಎದುರಿಗೆ ಕುಂದರು. ನೀ ಈಗ ನಲವತ್ತ ಹುಡುಗೂರು.”

ತರಬೇತಿ ಶಾಲೆಯಲ್ಲಿ ಎಲ್ಲ ಮುಗಿದಿತ್ತು, ಅಂತಿಮ ಪಾಠವೊಂದು ಉಳಿದಿತ್ತು. ನಿಜವಾದ ಮಕ್ಕಳಿಗೆ, ಹೊರಗಿನಿಂದ ಬಂದ ಪರೀಕ್ಷಕರ ಎದುರು, ಒಂದು ತಾಸಿನ ಪಾಠ. ಅಮ್ಮನಿಗೆ ಬಂದ ವಿಷಯ ಆರನೇ ಇಯತ್ತೆಯ ವಿಜ್ಞಾನ, ‘ಶಕ್ತಿಯ ರೂಪಗಳು’. ಅದಕ್ಕೊಂದು ಕಟ್ಟಳೆ. ಮೊದಲು ಪೀಠಿಕೆ. ಅಲ್ಲಿ ಶಿಕ್ಷಕಿ ಪಾಠದ ಹೆಸರನ್ನು ತಾನು ಹೇಳಕೂಡದು. ಪ್ರಶ್ನೆ ಕೇಳಿ ಕೇಳಿ ಮಕ್ಕಳ ಬಾಯಿಂದಲೇ ‘ಶಕ್ತಿ’ ಎಂದು ಹೊರಡಿಸಿ, ಆಮೇಲೆ ಬೋರ್ಡಿನ ಮೇಲೆ ಬರೆಯಬೇಕು. ನಂತರ ವಿಷಯ ನಿರೂಪಣೆ, ನಂತರ ಪುನರಾವರ್ತನೆ, ಕೊನೆಗೆ ಮನೆಗೆಲಸ. ಪಾಠದ ಯೋಜನೆ ಬರೆದ ಹಾಳೆಯಲ್ಲಿ ಒಂದು ಕಡೆ ಶಿಕ್ಷಕಿಯ ಪ್ರಶ್ನೆ, ಅದರ ಎದುರಿಗೆ ‘ನಿರೀಕ್ಷಿತ ಉತ್ತರ’. ನಾನು ಆ ಎರಡನೆಯ ಭಾಗ. ಮುಂದಿನ ಸಾಲಿನ ಜಾಣೆ ನಾನೇ, ಹಿಂದಿನ ಸಾಲಿನ ದಡ್ಡ ನಾನೇ, ಬೇಕೆಂದೇ ತಪ್ಪು ಹೇಳಿ ತಿದ್ದಿಸಿಕೊಳ್ಳುವವಳೂ ನಾನೇ. ದಡ್ಡನ ಪಾತ್ರಕ್ಕೆ ಎಡಕ್ಕೆ ಸರಿದು ಕೂರಬೇಕು, ಜಾಣೆಗೆ ಬಲಕ್ಕೆ. ಸರಿ ಹೇಳಿದರೆ ಅಮ್ಮ ‘ಶಾಬಾಶ್’ ಎನ್ನಬೇಕು, ಅದೂ ಯೋಜನೆಯಲ್ಲೇ ಬರೆದಿತ್ತು. ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲದೆ ಅವಳು ‘ಶಾಬಾಶ್’ ಎನ್ನುತ್ತಿದ್ದಳು, ನಾನು ಕೂರುತ್ತಿದ್ದೆ.

ನೋಡನೋಡುತ್ತ ಮನೆಯ ಸಾಮಾನೆಲ್ಲ ಗುಂಪುಗುಂಪಾಗಿ ಬೇರೆಯಾಯಿತು. ಬೀಸುವ ಕಲ್ಲು ತಿರುಗಿದರೆ ಚಲನಶಕ್ತಿ. ಅಟ್ಟದ ಮೇಲೆ ಇಟ್ಟ ಗುಂಡುಕಲ್ಲು ಪ್ರಚ್ಛನ್ನಶಕ್ತಿ, ಯಾಕೆಂದರೆ ಸುಮ್ಮನಿದ್ದರೂ ಬೀಳಬಲ್ಲದು. ಎರಡೂ ಸೇರಿ ಯಾಂತ್ರಿಕ ಶಕ್ತಿ. ರೇಶನ್ನಿನ ಸೀಮೆಎಣ್ಣೆ ಡಬ್ಬಿಯಲ್ಲಿರುವ ತನಕ ರಾಸಾಯನಿಕ, ಸ್ಟೋವಿನಲ್ಲಿ ಉರಿದರೆ ಉಷ್ಣ, ಕಂದೀಲಿನಲ್ಲಿ ಉರಿದರೆ ಬೆಳಕು. ಹತ್ತಿಯಲ್ಲಿ ಬಿದ್ದ ಸೂಜಿ ಹುಡುಕಲು ದಾದಿಯ ಬಳಿ ಲಾಳದಂಥ ಒಂದು ಅಯಸ್ಕಾಂತ ಇತ್ತು, ಅದು ಕಾಂತಶಕ್ತಿ. ಹೊಸ ಗಾದಿಯನ್ನು ಒತ್ತಿ ಬಿಟ್ಟರೆ ಮತ್ತೆ ಉಬ್ಬುತ್ತದಲ್ಲ, ಅದರಲ್ಲೂ ಶಕ್ತಿ ಇರಬೇಕಲ್ಲ ಎಂದು ನಾನು ಒಮ್ಮೆ ಕೇಳಿದೆ. ಅಮ್ಮ ಬಹಳ ಹೊತ್ತು ಯೋಚನೆ ಮಾಡಿದಳು. ‘ಇರ್ತೈತಿ. ಆದ್ರ ಪುಸ್ತಕದಾಗ ಇಲ್ಲ, ಬಿಡು’ ಎಂದಳು. ಇನ್ನೊಂದು ದಿನ, ಅಬ್ಬಾ ಯಾವ ರೂಪದಲ್ಲಿ ಬರುತ್ತಾರೆ ಎಂದು ಕೇಳಿದೆ. ದುಃಖದಿಂದ ಕೇಳಿದ್ದಲ್ಲ. ಎಲ್ಲವನ್ನೂ ಎಲ್ಲಾದರೂ ಸೇರಿಸುವ ಚಟ ಹತ್ತಿತ್ತು, ಅವರೊಬ್ಬರು ಎಲ್ಲಿಯೂ ಸೇರದೆ ಉಳಿದಿದ್ದರು. ‘ಅದು ಪಾಠದಾಗ ಬರೂದಿಲ್ಲ’ ಎಂದು ಅಮ್ಮ ಮುಂದಿನ ಪ್ರಶ್ನೆಗೆ ಹೋದಳು. ಮುಂದೆ ನಾನೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ ಎಂದು ಸಾವಿನ ಮನೆಗೆ ಹೋಗಿ ಸಮಾಧಾನ ಹೇಳುವವರನ್ನು ಕಂಡರೆ ನನಗೆ ಇವತ್ತಿಗೂ ಆಗುವುದಿಲ್ಲ. ನಮ್ಮಮ್ಮ ಹೇಳಿದ್ದೇ ನಿಜ. ಅದು ಆ ಪಾಠದಲ್ಲಿ ಬರುವುದಿಲ್ಲ.

ನಿರೀಕ್ಷಿತ ಉತ್ತರ ಹೇಳುವುದು ಎಷ್ಟು ರೂಢಿಯಾಯಿತೆಂದರೆ, ಮಾತಾಡಿಸಲು ಬಂದವರಿಗೂ ಹಾಗೆಯೇ ಹೇಳತೊಡಗಿದೆ. ‘ಅಬ್ಬಾನ ನೆನಪ ಆಗ್ತೈತೇನ ಕೂಸ?’ ಎಂದರೆ ‘ಆಗ್ತೈತ್ರಿ.’ ‘ಅಮ್ಮಾನ ಮಾತ ಕೇಳ್ತಿಲ್ಲೋ?’ ‘ಕೇಳ್ತೇನ್ರಿ.’ ಅವರು ಕಣ್ಣೊರೆಸಿಕೊಂಡು ‘ಭಾಳ ಶ್ಯಾಣ್ಯಾ ಹುಡುಗಿ’ ಎನ್ನುವರು. ಎದುರಿನವರು ಏನು ಕೇಳಬಯಸುತ್ತಾರೆ ಎಂಬುದು ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯುತ್ತಿತ್ತು. ಈ ವಿದ್ಯೆ ನನ್ನನ್ನು ಜೀವಮಾನವಿಡೀ ಕಾದಿದೆ, ಕಾಡಿಯೂ ಇದೆ. ಮದುವೆಗೆ ಹೂಂ ಅಂದದ್ದೂ ಹೀಗೆಯೇ.

ದಾದಿಗೆ ಈ ಪಾಠ ಸುತಾರಾಂ ಸೇರುತ್ತಿರಲಿಲ್ಲ. ಪಡಸಾಲೆಯಲ್ಲಿ ಸೂಜಿ ಚುಚ್ಚುತ್ತ ಎಲ್ಲ ಕೇಳಿಸಿಕೊಳ್ಳುವಳು, ನಡುನಡುವೆ ಒಳಗೆ ಕೂಗುವಳು.

“ಮೈಮೂನಾ, ದನಿ ಓಣಿಗೆ ಹೊಂಟೈತಿ. ಇದ್ದತ್ತಿನಾಗ ಕುಂತಾಕಿ ದನಿ ಹೊಸ್ತಿಲಾ ದಾಟಬಾರ್ದು.”

ಅಮ್ಮ ದನಿ ತಗ್ಗಿಸುವಳು. ಹೀಗೆ ತಗ್ಗಿಸಿ ತಗ್ಗಿಸಿ ಪಾಠ ಪಿಸುಮಾತಾಯಿತು. ಪುನರಾವರ್ತನೆ ಮುಗಿಯುವ ಹೊತ್ತಿಗೆ ಸರಿಯಾಗಿ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಆಗುತ್ತಿತ್ತು. ದಾದಿ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು ವುಜೂ ಮಾಡಲು, ನಮಾಜಿಗೆ ಕೈಕಾಲು ಮುಖ ತೊಳೆಯಲು, ಹಿತ್ತಲಿಗೆ ಹೋಗುವಳು. ನಾವು ಮನೆಗೆಲಸ ಹೇಳಿ, ಕೇಳಿ, ಪಾಠ ಮುಗಿಸುತ್ತಿದ್ದೆವು.

ಮಾಮಾ, ಅಮ್ಮನ ಅಣ್ಣ, ನಂದಗಡದಿಂದ ಸಂತೆಗೆ ಮೆಣಸಿನಕಾಯಿ ಹಾಕಲು ಬಂದವನು ಮನೆಗೂ ಬಂದ. ಕೆಟ್ಟವನಲ್ಲ. ತಂಗಿಗೆಂದು ಬೆಲ್ಲ, ನನಗೆಂದು ಚುರುಮುರಿ ತಂದಿದ್ದ. ಚಹಾ ಕುಡಿದು, ಬಟ್ಟಲು ಕೆಳಗಿಟ್ಟು ದಾದಿಗೆ ಹೇಳಿದ.

“ಇದ್ದತ್ ಮುಗದ ಮ್ಯಾಲ ನಾ ಮೈಮೂನಾನ ಕರಕೊಂಡ ಹೋಗ್ತೇನ್ರಿ. ಹಳಿಯಾಳದಾಗ ಒಂದ ಸಂಬಂಧ ಐತಿ. ಹೆಂಡ್ತಿ ಸತ್ತಾಳ, ಎರಡ ಹುಡುಗೂರು. ಜುಲ್ಲಿ ನಿಮ್ಮ ರಕ್ತ. ಆಕಿ ನಿಮ್ಮ ಕಡೇನ ಇರ್ಲಿ.”

ನಡುಮನೆಯಿಂದ ಅಮ್ಮನ ದನಿ ಬಂತು.

“ಅಣ್ಣಾ, ನಾ ಪಾಸಾದ್ರ?”

“ಪಾಸಾದ್ರ ನೌಕರಿ ಮಾಡು, ಮಗಳ್ನ ಸಾಕು, ನಾ ಯಾಕ ಬ್ಯಾಡಂತೇನಿ? ಖರೇ ಹೇಳು, ಪಾಸ್ ಹೆಂಗಾಗ್ತಿ? ಪರೀಕ್ಷಾ ಇರೂದು ಬೆಳಗಾವ್ಯಾಗ. ನೀ ಈ ಹೊಸ್ತಿಲಾ ದಾಟಂಗಿಲ್ಲ.”

ಅವನ ಲೆಕ್ಕ ತಪ್ಪಿರಲಿಲ್ಲ. ಅಂತಿಮ ಪಾಠದ ದಿನ ಇದ್ದತ್ತಿನ ನಡುವೆಯೇ ಬಂದಿತ್ತು. ತಪ್ಪಿದರೆ ಮತ್ತೊಂದು ವರ್ಷ, ಆ ವರ್ಷವನ್ನು ನಮಗೆ ಕೊಡುವವರಿರಲಿಲ್ಲ. ಚುರುಮುರಿ ಪೊಟ್ಟಣ ಕೈಯಲ್ಲಿ ಹಿಡಿದು ನಿಂತೇ ನನಗೆ ತಿಳಿಯಿತು. ಪಾಸಾದರೆ ಅಮ್ಮ ನನ್ನ ಕೂಡ, ಇಲ್ಲದಿದ್ದರೆ ಹಳಿಯಾಳದ ಆ ಎರಡು ಮಕ್ಕಳ ಕೂಡ. ತಿಳಿದರೂ ಎದೆಯಲ್ಲಿ ಏನೂ ಆಗಲಿಲ್ಲ. ಚುರುಮುರಿ ತಿಂದೆ.

ಅಮ್ಮ ನನ್ನನ್ನು ಮಸೀದಿಯ ಇಮಾಮ್ ಸಾಹೇಬರ ಮನೆಗೆ ಕಳಿಸಿ ಕೇಳಿಸಿದಳು. ಅವರು ಬಹಳ ಮೃದುವಾಗಿ, ತೀರ ಜರೂರು ಇದ್ದರೆ ಹಗಲು ಹೋಗಿ, ಹೊತ್ತು ಮುಳುಗಿ ಮಗ್ರಿಬ್ ಆಗುವ ಮೊದಲು ಮನೆ ಸೇರಬಹುದು ಎಂದು ಹೇಳಿ ಕಳಿಸಿದರು. ದಾದಿ ಒಪ್ಪಲಿಲ್ಲ. ‘ಅವರದೇನೈತಿ, ಹೇಳಿ ಒಳಗ ಹೋಗ್ತಾರ. ಓಣ್ಯಾಗ ಇರಾಕಿ ನಾ’ ಎಂದಳು. ಅಮ್ಮ ಅತ್ತೆಯ ಮಾತಿಗೆ ಎದುರಾಡಿದ್ದನ್ನು ಅದೊಂದೇ ಸಲ ಕೇಳಿದ್ದು.

“ನನ್ನನ್ನ ಸಾಲಿಗೆ ಹಾಕಿದವರು ನಿಮ್ಮ ಮಗಾನ. ನಾ ಕೇಳಿದ್ದಿಲ್ಲ.”

“ನನ್ನ ಮಗಾ ಇದ್ದಿದ್ರ ನಿನಗ ಇದ್ದತ್ ಯಾಕ ಬರ್ತಿತ್ತು?” ಎಂದಳು ದಾದಿ. ಆ ಸಂಜೆ ಒಲೆ ಹೊತ್ತಲಿಲ್ಲ.

ವಾರದೊಳಗೆ ತರಬೇತಿ ಶಾಲೆಯ ದೊಡ್ಡಬಾಯಾರು, ಅಂದರೆ ಅಲ್ಲಿಯ ಮುಖ್ಯಸ್ಥೆ, ಬಂದರು. ಕ್ಯಾಂಪಿನ ಕ್ರಿಶ್ಚಿಯನ್ ಹೆಂಗಸು, ಬಿಳಿ ಸೀರೆ, ಗಂಡಸರ ಛತ್ರಿ. ಅಮ್ಮ ಬರೆದಿದ್ದ ಕಾಗದ ಓದಿ ರೈಲು ಹತ್ತಿ ಬಂದಿದ್ದರು. ದಾದಿ ಹೊಲಿಯುತ್ತಿದ್ದ ಗಾದಿಯ ಮೇಲೆಯೇ ಕೂತು, ಬೆರಳಿನಿಂದ ಒತ್ತಿ ನೋಡಿ, ‘ಛಲೋ ತುಂಬೀರಿ’ ಎಂದರು. ದಾದಿಗೆ ಅರ್ಧ ಸೋಲು ಅಲ್ಲೇ ಆಯಿತು. ಆಮೇಲೆ ಕೇಳಿದರು.

“ಪರೀಕ್ಷಾ ಮಾಡೂ ಸಾಹೇಬರು ಇಲ್ಲಿಗೇ ಬಂದ್ರ ನಡೀತೈತೇನ್ರಿ ಅಮ್ಮಾ? ನಾ ಹೆಂಗಸು, ಒಳಗ ಕುಂತು ನೋಡ್ತೇನಿ. ಸಾಹೇಬರು ಹೊರಗ ಕುಂತು ಕೇಳ್ತಾರ. ನಡುವ ಪರದೇ ಕಟ್ಟೂಣು. ಹುಡುಗೂರ್ನ ನಿಮ್ಮೂರ ಸಾಲಿಯಿಂದ ತರಿಸೂಣು.”

ಇಂಥದಕ್ಕೆ ನಿಯಮದಲ್ಲಿ ಜಾಗ ಇತ್ತೋ, ಅವರೇ ಜಾಗ ಮಾಡಿದರೋ, ನಾನು ಆಮೇಲೂ ಕೇಳಲಿಲ್ಲ. ಈಗಿನ ಕಾಲದಲ್ಲಂತೂ ಸಾಧ್ಯವಿಲ್ಲ. ದಾದಿ ದಾರವನ್ನು ಹಲ್ಲಿನಿಂದ ಕಡಿದು, ‘ಪರದೇ ನಾ ಹೊಲೀತೇನಿ’ ಎಂದಳು. ಅಷ್ಟೇ ಅವಳ ಒಪ್ಪಿಗೆ. ಗಾದಿಗೆ ಹಾಕುವ ನೀಲಿ ಪಟ್ಟೆಯ ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಹೊಲಿದಳು. ಗಂಡಸಿನ ಕಣ್ಣಲ್ಲ, ಮಧ್ಯಾಹ್ನದ ಬಿಸಿಲೂ ಅದರೊಳಗೆ ಹಾಯುವಂತಿರಲಿಲ್ಲ.

ಪಾಠದ ದಿನ ನನ್ನ ತರಗತಿಯ ಮಕ್ಕಳೇ ಸಾಲಾಗಿ ಬಂದು ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಕೂತರು. ಮನೆಯ ವಾಸನೆ ಬದಲಾಯಿತು, ಎಣ್ಣೆ ತಲೆಗಳ ವಾಸನೆ. ನಾನು ನಡುವೆ ಕೂತಿದ್ದೆ. ಕೈ ಎತ್ತಕೂಡದೆಂದು ಅಮ್ಮ ಅಪ್ಪಣೆ ಮಾಡಿದ್ದಳು, ಯಾಕೆಂದರೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ನನ್ನ ಬಾಯಿಂದ ಬೀಳುತ್ತಿತ್ತು. ದೊಡ್ಡಬಾಯಾರು ಗೋಡೆಯ ಬಳಿ ಸ್ಟೂಲಿನ ಮೇಲೆ. ದಾದಿ ಅಡಿಗೆಮನೆಯ ಬಾಗಿಲಲ್ಲಿ, ಸೆರಗು ಬಿಗಿದುಕೊಂಡು. ಗೋಡೆಯ ಬಿಲ್ಲನ್ನು ಮುಟ್ಟಕೂಡದೆಂದು ರಜೆಗೆ ಬಂದಾಗಲೆಲ್ಲ ನನ್ನ ಕೈ ಮೇಲೆ ಹೊಡೆದವಳು, ಬೆಳಿಗ್ಗೆ ತಾನೇ ಅದನ್ನು ಇಳಿಸಿ ಒರೆಸಿ ಒಳಗೆ ತಂದಿಟ್ಟಿದ್ದಳು. ಪರದೆಯ ಆಚೆ ಪಡಸಾಲೆಯಲ್ಲಿ ಸಾಹೇಬರು ಕೆಮ್ಮಿದರು. ‘ಶುರು ಮಾಡ್ರಿ’ ಎಂದರು.

ಅಮ್ಮ ಬಿಳಿ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಎದ್ದು ನಿಂತಳು. ಅವಳು ನಿಂತದ್ದನ್ನು ಅಷ್ಟು ದಿನಗಳಲ್ಲಿ ನಾನು ಸರಿಯಾಗಿ ನೋಡಿರಲಿಲ್ಲ. ತೀರ ತೆಳ್ಳಗಾಗಿದ್ದಳು.

“ಮಕ್ಕಳೇ, ಮಲಪ್ರಭಾ ಹೊಳೆಯಿಂದ ನೀರು ಹೊತ್ತು ತರಬೇಕಾದರೆ ಏನು ಬೇಕು?”

“ಕೊಡಾ ಬೇಕ್ರಿ.”

“ಕೊಡ ಇದೆ. ಇನ್ನೇನು ಬೇಕು?”

“ಸಿಂಬಿ ಬೇಕ್ರಿ, ತಲೀ ಮ್ಯಾಲ ಇಡಾಕ.”

“ಸಿಂಬಿಯೂ ಇದೆ. ಜ್ವರ ಬಂದು ಮಲಗಿದವರ ಕೈಲಿ ಆಗುತ್ತದೆಯೇ?”

“ಇಲ್ರಿ.”

“ಯಾಕೆ?”

ಉತ್ತರ ನನ್ನ ಹಲ್ಲಿನ ಹಿಂದೆ ಬಂದು ನಿಂತಿತ್ತು. ಕಡೆಗೆ ಹಿಂದಿನ ಸಾಲಿನಿಂದ ಒಬ್ಬಳು, ‘ಮೈಯಾಗ ಶಕ್ತಿ ಇರೂದಿಲ್ರಿ’ ಎಂದಳು. ಅಮ್ಮ ಸುರುಳಿ ಬೋರ್ಡಿನ ಮೇಲೆ ‘ಶಕ್ತಿ’ ಎಂದು ಬರೆದಳು. ಸೀಮೆಸುಣ್ಣದ ಸದ್ದು ಆಚೆಗೂ ಕೇಳಿಸಿರಬೇಕು. ಸಾಹೇಬರು ‘ಹಾಂ’ ಎಂದರು.

ಬಿಲ್ಲಿನ ಹೆದೆ ಎಳೆದು ತೋರಿಸಿದಳು, ಪ್ರಚ್ಛನ್ನಶಕ್ತಿ. ಬಿಟ್ಟಳು, ಚಲನಶಕ್ತಿ. ಢುಂಯ್ ಎಂದು ಮನೆಯೆಲ್ಲ ಗುಂಯ್‌ಗುಟ್ಟಿತು, ಶಬ್ದಶಕ್ತಿ. ‘ಕೇಳಿಸ್ತು, ಕೇಳಿಸ್ತು’ ಎಂದರು ಸಾಹೇಬರು. ದಾದಿ ಒಂದು ಕ್ಷಣ ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ. ಅಮ್ಮ ಕಂದೀಲು ಹಚ್ಚಿದಳು, ಬೆಳಕು. ಆಚೆಯಿಂದ ಏನೂ ಬರಲಿಲ್ಲ. ಅಯಸ್ಕಾಂತಕ್ಕೆ ಸೂಜಿ ಅಂಟಿಸಿದಳು, ಆಗಲೂ ಇಲ್ಲ. ನಂತರ ಯಾಂತ್ರಿಕ ಶಕ್ತಿ ಉಷ್ಣವಾಗುವುದನ್ನು ತೋರಿಸಲು ಗಜಗ ಹಂಚಿದಳು. ಬೂದು ಬಣ್ಣದ ಗಟ್ಟಿ ಬೀಜ, ಕಲ್ಲಿಗೆ ತಿಕ್ಕಿದರೆ ಕಾಯ್ದು ಚುರುಕ್ ಎನ್ನುತ್ತದೆ. ನಮ್ಮ ಕಡೆಯ ಮಕ್ಕಳಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ನಲವತ್ತು ಕೈಗಳು ನೆಲ ತಿಕ್ಕತೊಡಗಿದವು. ಆಗ ಪರದೆ ಮಾತಾಡಿತು.

“ಬಾಯಾರ, ಒಂದ ನಿಮಿಷ. ನಿಮ್ಮ ಅಡಚಣಿ ನನಗ ಗೊತ್ತೈತಿ. ಆದ್ರ ಕಂದೀಲಾ ಕಾಣಲಿಲ್ಲ, ಸೂಜಿ ಕಾಣಲಿಲ್ಲ. ಈಗ ಬಿಸಿ ಆತು ಅಂತ ಹುಡುಗೂರು ಅಂದ್ರ ನಾ ಹೆಂಗ ಬರೀಲಿ? ಪ್ರಯೋಗಾ ನೋಡದ ಮಾರ್ಕ್ಸ್ ಹಾಕೂದು ಹೆಂಗ?”

ಅಮ್ಮ ದೊಡ್ಡಬಾಯಾರ ಕಡೆ ನೋಡಿದಳು, ಅವರು ನೆಲ ನೋಡಿದರು. ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ, ಎದುರಿಗೆ ಉತ್ತರವೂ ಇರಲಿಲ್ಲ. ದಾದಿ ಅಡಿಗೆಮನೆಯ ಬಾಗಿಲಿನಿಂದ ನನ್ನತ್ತ ನೋಡಿ, ಗದ್ದದಿಂದ ಪರದೆ ತೋರಿಸಿದಳು. ನಾನು ಎದ್ದೆ. ಕೈಲಿದ್ದ ಗಜಗವನ್ನು ಹೊಸ್ತಿಲ ಕಲ್ಲಿಗೆ ಬಲವಾಗಿ ತಿಕ್ಕಿದೆ, ನನ್ನ ಬೆರಳೇ ತಡೆಯದಷ್ಟು. ಪರದೆಯ ಕೆಳಗಿನಿಂದ ಕೈ ತೂರಿಸಿದೆ. ಖುರ್ಚಿಯಿಂದ ಇಳಿಬಿದ್ದ ಒಂದು ಕೈ ಸಿಕ್ಕಿತು. ಮಣಿಕಟ್ಟಿಗೆ ಒತ್ತಿದೆ.

“ಅಯ್ಯಯ್ಯಪ್ಪಾ! ಸುಟ್ಟಿತಲ್ಲೋ!”

ಖುರ್ಚಿ ಬಿದ್ದ ಸದ್ದು. ಮಕ್ಕಳು ಗೊಳ್ಳೆಂದರು. ಆಚೆ ಸಾಹೇಬರೂ ನಗುತ್ತಿದ್ದರು, ‘ಆತು, ಆತು, ಬಿಸಿ ಖರೇ, ನಂಬಿದೆ’ ಎನ್ನುತ್ತಿದ್ದರು. ತಿರುಗಿ ನೋಡಿದರೆ ಅಮ್ಮನೂ ನಗುತ್ತಿದ್ದಳು. ಬಾಯಿಗೆ ದುಪಟ್ಟಾ ಒತ್ತಿಕೊಂಡು, ಭುಜ ಅಲುಗಿಸುತ್ತ. ಮಕ್ಕಳ ನಗು ನಿಂತಿತು. ಅವಳದು ನಿಲ್ಲಲಿಲ್ಲ. ಅದು ಯಾವಾಗಲೋ ನಗುವಾಗಿ ಉಳಿದಿರಲಿಲ್ಲ. ಬೋರ್ಡಿನ ಕೆಳಗೆ ಕುಸಿದು ಕೂತಳು. ಮುಖವನ್ನು ಪೂರ್ತಿ ಬಟ್ಟೆಯಲ್ಲಿ ಹುದುಗಿಸಿ, ಒಂದಿಷ್ಟೂ ಸದ್ದು ಹೊರಡದಂತೆ ಅತ್ತಳು. ದನಿ ಹೊಸ್ತಿಲು ದಾಟದಂತೆ ಅಳುವುದನ್ನೂ ಅವಳು ಆ ಮನೆಯಲ್ಲೇ ಕಲಿತಿದ್ದಳು. ಮಕ್ಕಳು ಮಿಕಿಮಿಕಿ ನೋಡಿದರು. ದೊಡ್ಡಬಾಯಾರು ಅರ್ಧ ಎದ್ದರು. ಪುನರಾವರ್ತನೆ ಉಳಿದಿತ್ತು, ಮನೆಗೆಲಸ ಉಳಿದಿತ್ತು, ಅವಿಲ್ಲದೆ ಪಾಠ ಪಾಠವಲ್ಲ.

“ಮುಂದ ನಡೀಲ್ರಿ ಬಾಯಾರ” ಎಂದರು ಆಚೆಯಿಂದ ಸಾಹೇಬರು.

ಅಮ್ಮನ ಕೈಯಿಂದ ಸೀಮೆಸುಣ್ಣ ಉರುಳಿ ಚಾಪೆಯ ಅಂಚಿಗೆ ಬಂದಿತ್ತು. ದಾದಿ ಬಂದು ಅದನ್ನು ಎತ್ತಿಕೊಂಡಳು. ಅಮ್ಮನ ಮುಂದೆ, ಅವಳು ಮಕ್ಕಳಿಗೆ ಕಾಣದ ಹಾಗೆ, ಅಡ್ಡ ನಿಂತಳು. ಗಂಟಲು ಸರಿಪಡಿಸಿಕೊಂಡಳು.

“ಮಕ್ಕಳೇ, ಶಕ್ತಿ ಎಂದರೆ ಏನು?”

ಅಮ್ಮನ ಪ್ರಶ್ನೆ, ಅಮ್ಮನ ಪುಸ್ತಕದ ಮಾತು, ಅಕ್ಷರ ಬಾರದ ದಾದಿಯ ಬಾಯಲ್ಲಿ. ದಿನವೂ ಗೋಡೆಯ ಆಚೆಯಿಂದ ಕಿವಿಗೆ ಬಿದ್ದದ್ದು. ಮಕ್ಕಳಿಗೆ ಯಾರಿಗೆ ಉತ್ತರ ಕೊಡಬೇಕೆಂದೇ ತಿಳಿಯಲಿಲ್ಲ. ನಾನು ಅಪ್ಪಣೆ ಮುರಿದೆ.

“ಕೆಲಸ ಮಾಡುವ ಸಾಮರ್ಥ್ಯವೇ ಶಕ್ತಿ.”

“ಶಾಬಾಶ್. ಅಟ್ಟದ ಮೇಲಿನ ಕಲ್ಲಿನಲ್ಲಿ ಯಾವ ಶಕ್ತಿ ಇದೆ?”

“ಚಲನಶಕ್ತಿ ರೀ” ಎಂದ ಮುಂದಿನ ಸಾಲಿನ ಹುಡುಗ.

“ಶಾಬಾಶ್” ಎಂದಳು ದಾದಿ.

ದೊಡ್ಡಬಾಯಾರು ಜೋರಾಗಿ ಕೆಮ್ಮಿದರು. ದಾದಿ ಅವರ ಮುಖ ನೋಡಿದಳು. ‘ಶಾಬಾಶ್, ಕುಂದರು. ಮತ್ತೊಬ್ರು ಹೇಳ್ರಿ’ ಎಂದಳು. ‘ಪ್ರಚ್ಛನ್ನಶಕ್ತಿ’ ಎಂದು ಬಂತು. ಕೆಮ್ಮು ಬರಲಿಲ್ಲ. ಹೀಗೆ ಕೆಮ್ಮಿದರೆ ತಪ್ಪು, ಕೆಮ್ಮದಿದ್ದರೆ ಸರಿ ಎಂಬ ಲೆಕ್ಕದಲ್ಲಿ ಪುನರಾವರ್ತನೆ ಮುಗಿಯಿತು. ಆಮೇಲೆ ದಾದಿ ನಿಂತುಬಿಟ್ಟಳು. ಅವಳಿಗೆ ಮನೆಗೆಲಸ ಗೊತ್ತಿರಲಿಲ್ಲ. ಅಷ್ಟು ದಿನವೂ ಆ ಹೊತ್ತಿಗೆ ಅವಳು ವುಜೂ ಮಾಡುತ್ತ ಹಿತ್ತಲಲ್ಲಿರುತ್ತಿದ್ದಳು. ಮಕ್ಕಳನ್ನು ಒಂದು ಕಡೆಯಿಂದ ನೋಡಿದಳು, ಅವರ ಕಾಲು, ಕೈ, ಎಲುಬು.

“ನಾಳಿ ಸಾಲಿಗೆ ಬರೂ ಮುಂದ,” ಎಂದಳು, “ಎಲ್ಲಾರೂ ಹೊಟ್ಟಿ ತುಂಬ ಉಂಡು ಬರ್ರಿ.”

“ಹೂಂ ರೀ!” ಎಂದರು ಮಕ್ಕಳು.

ಪರದೆಯ ಆಚೆ ಕಾಗದ ಮಡಚಿದ ಸದ್ದಾಯಿತು. ‘ಛಲೋ ಆತ್ರಿ’ ಎಂದರು ಸಾಹೇಬರು. ‘ಮೊದಲ ದನಿ ಭಾಳ ಸಣ್ಣದಿತ್ತು. ಕಡೀಕ ಗಟ್ಟಿ ಬಂತು. ಆ ದನೀನ ಇಟ್ಟುಕೊಳ್ರಿ. ಮನೀಗೆಲಸಾನೂ ಜೀವನಕ್ಕ ಹತ್ತಿರದ್ದು ಕೊಟ್ರಿ.’ ದೊಡ್ಡಬಾಯಾರು ತಮ್ಮ ಹಾಳೆಯ ಮೇಲೆ ಏನೋ ಬರೆದು, ತಲೆ ಎತ್ತದೆ ಸಹಿ ಮಾಡಿದರು. ಹೋಗುವಾಗ ದಾದಿಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು ಬಿಟ್ಟರು. ಮಕ್ಕಳೆಲ್ಲ ಹೊರಟ ಮೇಲೆ ದಾದಿ ಬಾಗಿಲಿಗೆ ಚಿಲಕ ಹಾಕಿ, ಅಮ್ಮನ ಬಳಿ ಕೂತು, ‘ಈಗ ದನಿ ತಗದು ಅಳು. ಓಣಿ ಕೇಳಿದ್ರ ಕೇಳ್ಲಿ’ ಎಂದಳು. ಅಮ್ಮ ಅತ್ತಳು, ದಾದಿಯೂ ಅತ್ತಳು. ನನಗೆ ಬರಲಿಲ್ಲ. ನಾನು ಬೋರ್ಡು ಸುರುಳಿ ಸುತ್ತಿ ಮೂಲೆಗಿಟ್ಟೆ.

ಅಮ್ಮ ಪಾಸಾದಳೆಂದು ಕಾಗದ ಬಂತು. ಇದ್ದತ್ ಮುಗಿದ ವಾರ ಮಾಮಾ ಚಕ್ಕಡಿ ಕಟ್ಟಿಕೊಂಡು ಬಂದ. ಪಾಸಾದದ್ದನ್ನು ಹೇಳಿದರೆ ಅವನು ನಂಬಲಿಲ್ಲ. ಮಕ್ಕಳ ಬಾಯಿಂದ ಊರಲ್ಲಿ ಮಾತು ಹಬ್ಬಿತ್ತು.

“ಪರದೇದ ಹಿಂದ ಪಾಠಾ ಮಾಡಿದಾಕಿ ಮುದುಕಿ ಅಂತ ಸಂತ್ಯಾಗ ಅಂತಾರ. ಹಂಗಿದ್ರ ಅದು ಪಾಸಲ್ಲ. ನಾಳಿ ಯಾರರ ತಕರಾರ ಮಾಡಿದ್ರ ನೌಕರೀನೂ ಹೋಗ್ತೈತಿ, ಮರ್ಯಾದೀನೂ ಹೋಗ್ತೈತಿ. ಖರೇ ಹೇಳ್ರಿ, ಪಾಠಾ ಯಾರ ಮಾಡಿದ್ರು?”

ಅಮ್ಮ ಬಾಗಿಲಲ್ಲಿ ನಿಂತಿದ್ದಳು, ಗಂಟು ಕಟ್ಟಿರಲಿಲ್ಲ, ಕಟ್ಟುವುದಿಲ್ಲವೆಂದೂ ಹೇಳಿರಲಿಲ್ಲ. ದಾದಿ ಎಂದೂ ನಮಾಜು ತಪ್ಪಿಸಿದವಳಲ್ಲ, ಸುಳ್ಳು ಹೇಳಿದವರ ಮನೆಯ ನೀರು ಕುಡಿದವಳಲ್ಲ. ಸೂಜಿಯನ್ನು ಗಾದಿಯಿಂದ ಎಳೆದು, ದಾರ ಬಿಗಿ ಮಾಡಿ, ಅವನ ಮುಖವನ್ನೇ ನೋಡಿದಳು.

“ಆಕೀನ ಮಾಡ್ಯಾಳ. ನಾ ಅಡಿಗಿಮನ್ಯಾಗಿದ್ದೆ.”

ಮಾಮಾ ಚಪ್ಪಲಿ ಹಾಕಿಕೊಂಡು, ತಂಗಿಯ ತಲೆ ಮುಟ್ಟಿ, ಚಕ್ಕಡಿ ತಿರುಗಿಸಿದ. ಗಾಲಿಯ ಸದ್ದು ಓಣಿಯ ತಿರುವು ದಾಟುವ ತನಕ ಮೂವರೂ ಅಲುಗಲಿಲ್ಲ. ಅಮ್ಮ ಒಳಗೆ ಬಂದು ನನ್ನ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಅವಳ ಬೆರಳು ನೆತ್ತಿಗೆ ತಾಗಿದವು. ಆಗ ನನಗೆ ಅಳು ಬಂತು, ಉಸಿರು ಸಿಗದ ಹಾಗೆ ಬಂತು. ದಾದಿ ಗಾಬರಿಯಾಗಿ, ‘ಹೋಗಾಂವ ಹೋದ್ನಲ್ಲ, ಅಮ್ಮ ಇಲ್ಲೇ ಅದಾಳಲ್ಲ, ಈಗ್ಯಾಕ ಅಳ್ತಿ?’ ಎಂದು ಕೇಳಿದಳು. ನಾನು ಅಬ್ಬಾನನ್ನು ಕೂಗುತ್ತಿದ್ದೆ.